ಮಣ್ಣಿಗೆ ನೀರು ಕುಡಿಸಿ ನೋಡಿ

ನನ್ನ ಕೆಲಸ ಏನೆಂದು ಕೇಳಿದವರಿಗೆ ತಿಳಿಸಿ ಹೇಳುವ ಹುಮ್ಮಸ್ಸು ನನಗೆ ಬಹಳ ಬೇಗ ಹೊರಟುಹೋಯಿತು. ಮಣ್ಣು ಪರೀಕ್ಷೆ ಮಾಡುತ್ತೇನೆ ಎಂದರೆ ಬಸ್ಸಿನಲ್ಲಿ ಪಕ್ಕ ಕೂತ ರೈತರು ಕಬ್ಬಿಗೆ ಯಾವ ಗೊಬ್ಬರ ಹಾಕಬೇಕೆಂದು ಕೇಳುತ್ತಿದ್ದರು. ರಸ್ತೆ ಪರೀಕ್ಷೆ ಎಂದರೆ ನಮ್ಮ ಓಣಿಯ ತಗ್ಗು ಯಾವಾಗ ಮುಚ್ಚುತ್ತೀರಿ ಎಂದು ಜಗಳಕ್ಕೇ ಬರುತ್ತಿದ್ದರು. ನನ್ನ ಅತ್ತೆಯಂತೂ ಸೊಸೆ ಎಲ್ಲೋ ಲಾರಿಗಳ ಲೆಕ್ಕ ಬರೆಯುತ್ತಾಳೆ ಎಂದೇ ಕೊನೆಯವರೆಗೂ ನಂಬಿದ್ದರು. ಖಾಸಬಾಗದಲ್ಲಿ ನಮ್ಮ ಪಕ್ಕದ ಮನೆಯ ನೇಕಾರ ಈರಪ್ಪಜ್ಜ ಒಬ್ಬರು ಮಾತ್ರ ಒಂದೇ ಸಲಕ್ಕೆ ಹಿಡಿದುಕೊಂಡರು. ಮಗ್ಗದ ಹಾಸಿನ ನೂಲು ಎಷ್ಟು ಬಿಗಿ ಇದೆ ಎಂದು ಬೆರಳಿಂದ ಒತ್ತಿ ನೋಡುವ ಹಾಗೆ ನೀವು ನೆಲ ಒತ್ತಿ ನೋಡುತ್ತೀರಿ, ಹೌದಲ್ಲ ಎಂದರು. ಹೌದು ಎಂದೆ. ಅವತ್ತಿನಿಂದ ಅವರಿಗೆ ಚಹಾ ಕೊಡುವಾಗ ಒಂದು ಚಮಚ ಸಕ್ಕರೆ ಹೆಚ್ಚು ಹಾಕುತ್ತಿದ್ದೆ.

ಈ ಬರಹ ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ. ಪುಸ್ತಕದಲ್ಲಿರುವುದನ್ನು ನಾನು ಹೇಳುವುದಿಲ್ಲ, ಅದನ್ನು ನೀವು ನನಗಿಂತ ಚೆನ್ನಾಗಿ ಓದಿಕೊಂಡು ಬಂದಿರುತ್ತೀರಿ. ಬಿಸಿಲಿನಲ್ಲಿ ಮೊಣಕಾಲೂರಿ ಕೂತಾಗ ಏನಾಗುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ. ನಾನು ಬೆಳಗಾವಿಯ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಸೇರಿ ಅಲ್ಲಿಯೇ ನಿವೃತ್ತಳಾದೆ. ಬೇರೆ ಕಡೆ ಹೋಗಿದ್ದರೆ ಇನ್ನೂ ಮೇಲೆ ಏರುತ್ತಿದ್ದೆ ಎಂದು ನೆಂಟರು ಈಗಲೂ ಹೇಳುತ್ತಾರೆ. ಏರಬಹುದಿತ್ತು, ಆದರೆ ಮೇಲೆ ಏರಿದವರಿಗೆ ಮಣ್ಣು ಕೈಗೆ ಸಿಗುವುದಿಲ್ಲ. ನನಗೆ ಅದು ಸಿಕ್ಕಿತು, ಸಾಕಷ್ಟು ಸಿಕ್ಕಿತು, ಉಗುರಿನ ಸಂದಿಯಿಂದ ಇನ್ನೂ ಪೂರ್ತಿ ಹೋಗಿಲ್ಲ.

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ರಸ್ತೆಗೆ, ಸೇತುವೆಯ ಒಡ್ಡಿಗೆ, ಗೋದಾಮಿನ ನೆಲಕ್ಕೆ ಮಣ್ಣು ಸುರಿದು ರೋಲರ್ ಹೊಡೆಯುತ್ತಾರೆ. ಆಮೇಲೆ ನಮ್ಮನ್ನು ಕರೆಯುತ್ತಾರೆ. ನಾವು ಕೇಳಬೇಕಾದ ಪ್ರಶ್ನೆ ಎರಡು. ಅಷ್ಟು ಜಾಗದಲ್ಲಿ ಎಷ್ಟು ಮಣ್ಣು ಕೂತಿದೆ ಎಂಬುದು ಒಂದು. ಅದು ಸಾಂದ್ರತೆ. ಮೇಲೆ ಭಾರ ಬಿದ್ದಾಗ ಆ ಮಣ್ಣು ಎಷ್ಟು ತಗ್ಗುತ್ತದೆ, ಭಾರ ತೆಗೆದಾಗ ಎಷ್ಟು ತಿರುಗಿ ಮೇಲೇಳುತ್ತದೆ ಎಂಬುದು ಇನ್ನೊಂದು. ಅದು ಬಿಗಿತ. ಇವೆರಡೂ ಒಂದೇ ಎಂದು ತಿಳಿದವರು ನಮ್ಮಲ್ಲಿ ಬಹಳ ಜನ ಇದ್ದರು, ಈಗಲೂ ಇದ್ದಾರೆ. ಅರಳೆಯನ್ನು ಚೀಲದಲ್ಲಿ ಎಷ್ಟೇ ತುಳಿದು ತುಂಬಿದರೂ ಅದರ ಮೇಲೆ ಕೂತರೆ ಅದು ತಗ್ಗಿಯೇ ತಗ್ಗುತ್ತದೆ.

ನನಗೆ ಕೆಲಸ ಕಲಿಸಿದವರು ಪ್ರಯೋಗಾಲಯದ ಮಾಲೀಕರೇ ಆದ ಅಣ್ಣಿಗೇರಿ ಸರ್. ತೆಳ್ಳಗೆ, ಎತ್ತರಕ್ಕೆ ಇದ್ದರು. ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡೇ ಸೈಟಿಗೆ ಬರುತ್ತಿದ್ದರು, ಬಂದ ಕೂಡಲೇ ಕೆಂಪು ಮಣ್ಣಿನಲ್ಲಿ ಅಂಗಾತ ಮಲಗಿ ಟಿಪ್ಪರಿನ ಕೆಳಗೆ ನುಸುಳುತ್ತಿದ್ದರು. ಅವರ ಮನೆಯವರು ಅಂಗಿ ಒಗೆದು ಒಗೆದು ಬೇಸತ್ತು, ಒಮ್ಮೆ ನಮ್ಮ ಆಫೀಸಿಗೇ ಫೋನ್ ಮಾಡಿ ಅವರಿಗೊಂದು ಖಾಕಿ ಅಂಗಿ ಹೊಲಿಸಿಕೊಡಿ ಎಂದಿದ್ದರು. ಸರ್ ಯಾರನ್ನೂ ಬೈಯುತ್ತಿರಲಿಲ್ಲ. ವರದಿಯಲ್ಲಿ ಅನುಮಾನ ಬಂದರೆ ಕಾಗದವನ್ನು ಮೇಜಿನ ಮೇಲೆ ತಿರುಗಿಸಿ ನಮ್ಮ ಕಡೆಗೆ ಸರಿಸಿ, "ಇದು ಮಣ್ಣು ಹೇಳಿದ್ದೋ, ನೀವು ಹೇಳಿದ್ದೋ?" ಎಂದು ಕೇಳುತ್ತಿದ್ದರು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಆಗಿನ ಕಾಲದಲ್ಲಿ ಬಿಗಿತ ಅಳೆಯುವುದೆಂದರೆ ಒಂದು ಮದುವೆ ಮಾಡಿದ ಹಾಗೆ. ಕಲ್ಲು ತುಂಬಿದ ಟಿಪ್ಪರ್ ತರಿಸಬೇಕು, ಅದರ ಕೆಳಗೆ ನೆಲದ ಮೇಲೆ ದಪ್ಪನೆಯ ಕಬ್ಬಿಣದ ತಟ್ಟೆ ಇಡಬೇಕು, ತಟ್ಟೆಗೂ ಟಿಪ್ಪರಿಗೂ ನಡುವೆ ಜಾಕ್ ಇಟ್ಟು ಎತ್ತಬೇಕು. ಟಿಪ್ಪರಿನ ಭಾರಕ್ಕೆ ಜಾಕು ತಟ್ಟೆಯನ್ನು ನೆಲಕ್ಕೆ ಒತ್ತುತ್ತದೆ. ತಟ್ಟೆ ಎಷ್ಟು ತಗ್ಗಿತು ಎಂದು ಗಡಿಯಾರದಂಥ ಮಾಪಕಗಳು ತೋರಿಸುತ್ತವೆ. ಆ ಮಾಪಕಗಳನ್ನು ಒಂದು ಉದ್ದನೆಯ ಕಬ್ಬಿಣದ ತೊಲೆಗೆ ಕಟ್ಟಿರುತ್ತೇವೆ, ತೊಲೆಯ ಕಾಲುಗಳು ದೂರದಲ್ಲಿರುತ್ತವೆ. ಒಮ್ಮೆ ಗುತ್ತಿಗೆದಾರರೊಬ್ಬರು ಅರ್ಧ ತುಂಬಿದ ಟಿಪ್ಪರ್ ಕಳಿಸಿದ್ದರು. ನಾವು ಜಾಕು ಒತ್ತುತ್ತಾ ಹೋದೆವು. ಮಣ್ಣು ತಗ್ಗುವ ಬದಲು ಟಿಪ್ಪರೇ ಮೇಲೇಳತೊಡಗಿತು. ಒಳಗೆ ಮಲಗಿದ್ದ ಡ್ರೈವರ್ ಎದ್ದು ಕಿಟಕಿಯಿಂದ ತಲೆ ಹೊರಗೆ ಹಾಕಿ ನಮ್ಮನ್ನು ನೋಡಿದ ಮುಖ ಇನ್ನೂ ಕಣ್ಣ ಮುಂದಿದೆ.

ದೇಸೂರಿನಲ್ಲಿ ರೈಲು ಹಳಿಯ ಹತ್ತಿರ ಒಂದು ಗೋದಾಮಿನ ನೆಲ ಅಳೆಯಲು ಹೋಗಿದ್ದೆವು. ಆ ಕಬ್ಬಿಣದ ತೊಲೆಗೆ ಬಿಸಿಲು ತಾಗಿದರೆ ಅದು ಕೂದಲೆಳೆಯಷ್ಟು ಬಾಗುತ್ತದೆ, ಮಾಪಕದ ಮುಳ್ಳು ಸುಮ್ಮನೆ ಓಡುತ್ತದೆ. ಅದಕ್ಕೆ ನಾವು ತೊಲೆಗೆ ಕೊಡೆ ಹಿಡಿದು, ನಾವು ಬಿಸಿಲಿನಲ್ಲಿ ಕೂತಿದ್ದೆವು. ರೈಲು ಬಂದರೆ ನೆಲ ನಡುಗುತ್ತದೆ, ಆದ್ದರಿಂದ ರೈಲು ಹೋಗುವವರೆಗೆ ಯಾರೂ ಅಲುಗಾಡದೆ, ಮಾತಾಡದೆ ತಲೆ ತಗ್ಗಿಸಿ ಕಾಯುತ್ತಿದ್ದೆವು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಅಜ್ಜಿ ಇದನ್ನು ನೋಡಿದಳು. ಕೊಡೆಯ ಕೆಳಗೆ ಏನೋ ಇದೆ, ಸುತ್ತ ಜನ ತಲೆಬಾಗಿ ಕೂತಿದ್ದಾರೆ. ಚಪ್ಪಲಿ ಬಿಟ್ಟು ಬಂದು, ಚೀಲದಿಂದ ಒಂದು ತೆಂಗಿನಕಾಯಿ ತೆಗೆದು ತಟ್ಟೆಯ ಪಕ್ಕ ಇಟ್ಟು, ತೊಲೆಯ ಮೇಲೆ ಕೈಯೂರಿ ನಮಸ್ಕಾರ ಮಾಡಿದಳು. ಬೆಳಗಿನಿಂದ ಮಾಡಿದ್ದ ಕೆಲಸ ಅಲ್ಲಿಗೆ ಹೋಯಿತು, ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ನಾನು ಕೂಗಾಡಲು ಬಾಯಿ ತೆರೆಯುವಷ್ಟರಲ್ಲಿ ಅಣ್ಣಿಗೇರಿ ಸರ್ ಆ ಕಾಯಿಯನ್ನು ಜಾಕಿನ ಹಿಡಿಕೆಗೆ ಬಡಿದು ಒಡೆದು ಎಲ್ಲರಿಗೂ ಹಂಚಿದರು. ಅಜ್ಜಿಗೆ ಎರಡು ಹೋಳು ಕೊಟ್ಟರು.

ಹೆಣ್ಣುಮಗಳು ಸೈಟಿಗೆ ಬರುವುದು ಆಗ ಅಪರೂಪ. ಮೊದಮೊದಲು ಗುತ್ತಿಗೆದಾರರು ನನ್ನ ಹಿಂದೆ ಇಣುಕಿ ಸಾಹೇಬರು ಎಲ್ಲಿ ಎಂದು ಹುಡುಕುತ್ತಿದ್ದರು. ಆಮೇಲೆ ಒಂದೆರಡು ಒಡ್ಡುಗಳನ್ನು ನಾನು ಫೇಲ್ ಮಾಡಿದ ಮೇಲೆ ಸಾಹೇಬರನ್ನೇ ಕಳಿಸಿ, ಬಾಯಾರು ಬೇಡ ಎನ್ನತೊಡಗಿದರು. ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಬಾಯಾರು ಎನ್ನುತ್ತಾರೆ. ನಾನು ಯಾರಿಗೂ ಸಾಲಿ ಕಲಿಸದೆ 'ಮಣ್ಣಿನ ಬಾಯಾರು' ಆದೆ. ಹೆಸರು ನನಗೆ ಇಷ್ಟವೇ ಆಯಿತು.

ಗುತ್ತಿಗೆದಾರರು ತಮಗೆ ತಾವೇ ಹೊಂಡ ತೋಡಿಕೊಂಡದ್ದೂ ಉಂಟು. ಸಾಂದ್ರತೆ ಅಳೆಯಲು ನೆಲದಲ್ಲಿ ಸಣ್ಣ ಗುಂಡಿ ತೋಡಿ, ತೆಗೆದ ಮಣ್ಣು ತೂಗಿ, ಆ ಗುಂಡಿಗೆ ಒಣ ಮರಳು ಬಿಟ್ಟು ಅದು ಎಷ್ಟು ಹಿಡಿಯಿತೆಂದು ನೋಡುತ್ತೇವೆ. ಒಬ್ಬ ಮಹಾಶಯರು ನಾವು ಮರಳು ಬಿಡುವಾಗಲೇ ತಮ್ಮ ಕೆಲಸದ ಜೋರು ತೋರಿಸಲು ಪಕ್ಕದಲ್ಲೇ ರೋಲರ್ ಓಡಿಸಿದರು. ನೆಲ ನಡುಗಿ ಮರಳು ಕುಣಿದು ಕೂತು, ಗುಂಡಿ ಇದ್ದದ್ದಕ್ಕಿಂತ ದೊಡ್ಡದಾಗಿ ಲೆಕ್ಕಕ್ಕೆ ಬಂತು, ಅವರ ಮಣ್ಣು ಸಡಿಲ ಎಂದು ತೋರಿಸಿತು. ರೋಲರ್ ನಿಲ್ಲಿಸಿ ಇನ್ನೊಮ್ಮೆ ಮಾಡೋಣ ಎಂದರೂ ಅವರು ಕೇಳಲಿಲ್ಲ, ನಾನು ಬೇಕೆಂದೇ ಹೀಗೆ ಮಾಡುತ್ತಿದ್ದೇನೆ ಎಂದು ಸಿಟ್ಟು ಮಾಡಿಕೊಂಡು ಹೋದರು.

ನಾನು ನಡುವಯಸ್ಸಿಗೆ ಬರುವ ಹೊತ್ತಿಗೆ ಹೊಸ ಯಂತ್ರ ಬಂತು. ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿದೆ, ನಮ್ಮ ಕೂಲಿಯವರು 'ಬಡಿಯೋ ಮಷಿನ್' ಎಂದರು. ಕಂಬಿಯ ಮೇಲಿಂದ ಒಂದು ಭಾರ ಜಾರಿ ಕೆಳಗಿನ ತಟ್ಟೆಗೆ ಬಡಿಯುತ್ತದೆ, ತಟ್ಟೆ ಎಷ್ಟು ತಗ್ಗಿತೆಂದು ಪಕ್ಕದ ಡಬ್ಬಿ ಅಳೆದು ಬಿಗಿತದ ಅಂಕಿ ತೋರಿಸುತ್ತದೆ. ಟಿಪ್ಪರ್ ಬೇಡ, ಜಾಕ್ ಬೇಡ, ಕೊಡೆ ಬೇಡ. ಒಬ್ಬರೇ ಹೊತ್ತುಕೊಂಡು ಹೋಗಿ ಚಹಾ ಆರುವುದರೊಳಗೆ ಅಂಕಿ ತರಬಹುದು. ನನಗಂತೂ ಹಬ್ಬವಾಯಿತು. ಹಳೆಯ ಪದ್ಧತಿಯೇ ಚೆನ್ನಾಗಿತ್ತು ಎಂದು ಕೊರಗುವವಳು ನಾನಲ್ಲ, ಟಿಪ್ಪರಿನ ಕೆಳಗೆ ಮಲಗಿದ ಸೊಂಟ ಇದು. ಆದರೆ ಅಂಕಿ ಅಷ್ಟು ಸುಲಭವಾಗಿ ಸಿಗತೊಡಗಿದ ಮೇಲೆ ಜನ ಅಂಕಿಗೇ ಗಂಟು ಬಿದ್ದರು. ಬೇಸಿಗೆಯಲ್ಲಿ ನಮ್ಮ ಫೋನಿಗೆ ಬರುತ್ತಿದ್ದ ಕರೆಗಳೆಲ್ಲ ಒಂದೇ ಬಗೆಯವು. ಬೆಳಿಗ್ಗೆ ಬೇಡ ಮೇಡಂ, ಊಟ ಮಾಡಿ ಆರಾಮಾಗಿ ಮಧ್ಯಾಹ್ನ ಬನ್ನಿ ಎನ್ನುವರು. ನನ್ನ ಊಟದ ಮೇಲೆ ಅವರಿಗೆ ಅಷ್ಟು ಕಾಳಜಿ ಏಕೆಂದು ನನಗೆ ಗೊತ್ತಿತ್ತು. ಖಾನಾಪುರದ ಕಡೆಯ ಕೆಂಪು ಮುರುಮು ಮಣ್ಣು ಒಣಗಿದರೆ ಕಲ್ಲಿನಂತೆ ಆಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಗಟ್ಟಿಯಾದ ಮಣ್ಣನ್ನು ಬಡಿದರೆ ಯಂತ್ರ ತೋರಿಸುವ ಅಂಕಿಯಲ್ಲಿ ರೋಲರಿನ ಪಾಲು ಎಷ್ಟು, ಸೂರ್ಯನ ಪಾಲು ಎಷ್ಟು ಎಂದು ಹೇಳುವುದು ಕಷ್ಟ.

ಇದನ್ನು ನಾನು ಸರಿಯಾಗಿ ಕಲಿತದ್ದು ಜಾಂಬೋಟಿಯ ಆಚೆಯ ಒಂದು ಒಡ್ಡಿನ ಮೇಲೆ. ಆ ಕಥೆ ಸ್ವಲ್ಪ ಉದ್ದ.

ಅಲ್ಲಿ ಕಾಡಿನ ಅಂಚಿಗೆ ಒಂದು ಸಣ್ಣ ಊರು, ಊರಿನ ಮುಂದೆ ಒಂದು ಹಳ್ಳ. ಬೇಸಿಗೆಯಲ್ಲಿ ಆ ಹಳ್ಳದಲ್ಲಿ ಎಮ್ಮೆ ಮೀಯಲೂ ನೀರಿರುವುದಿಲ್ಲ. ಮಳೆ ಹಿಡಿದರೆ ಊರಿಗೂ ಹೊರಗಿನ ಲೋಕಕ್ಕೂ ಸಂಬಂಧ ಕಡಿಯುತ್ತದೆ. ಆದ್ದರಿಂದ ಆ ಊರಿನಲ್ಲಿ ಒಂದು ರೂಢಿ ಇತ್ತು. ಮಳೆಗಾಲದಲ್ಲಿ ದಿನ ತುಂಬುವ ಬಸುರಿಯರನ್ನು ಮಳೆ ಶುರುವಾಗುವ ಮೊದಲೇ ಖಾನಾಪುರದಲ್ಲಿ ನೆಂಟರ ಮನೆಗೆ ಒಯ್ದು ಬಿಡುವುದು. ಅದಕ್ಕೆ ಅವರು 'ಹಳ್ಳ ದಾಟಿಸುವುದು' ಎನ್ನುತ್ತಿದ್ದರು. ದಾಟಿಸಿದವರನ್ನು ನೋಡಲು ಮನೆಯವರಿಗೂ ಹೋಗಲಾಗುತ್ತಿರಲಿಲ್ಲ, ಕಾಡಿನ ಸುತ್ತು ದಾರಿ ಹಿಡಿದು ಗಂಡಸರು ಯಾರಾದರೂ ಹೋದರೆ ಹೋದರು. ಯಾರನ್ನು ಯಾವಾಗ ದಾಟಿಸಬೇಕು, ಯಾರ ಮನೆಯಲ್ಲಿ ಇಡಬೇಕು ಎಂದು ನೋಡಿಕೊಳ್ಳುತ್ತಿದ್ದವರು ಊರಿನ ಆಶಾ ಕಾರ್ಯಕರ್ತೆ ಸುಲೋಚನಾಬಾಯಿ. ಮನೆಯಲ್ಲಿ ಮರಾಠಿ, ನಮ್ಮೊಡನೆ ಕನ್ನಡ, ಸಿಟ್ಟು ಬಂದರೆ ಎರಡೂ ಕೂಡಿ.

ಆ ಹಳ್ಳಕ್ಕೆ ಕೊನೆಗೂ ಸೇತುವೆ ಆಯಿತು. ಸೇತುವೆಗೆ ಎರಡೂ ಕಡೆಯಿಂದ ಏರಿಹೋಗಲು ಎತ್ತರದ ಮಣ್ಣಿನ ಒಡ್ಡು ಕಟ್ಟಿದ್ದರು. ಮಳೆಗೆ ಮೊದಲು ದಾರಿ ತೆರೆಯಬೇಕೆಂದು ಎಲ್ಲರಿಗೂ ಅವಸರ. ಸುಲೋಚನಾಬಾಯಿಯ ಸೊಸೆ ಮಂಗಲಾ ಆಗ ಚೊಚ್ಚಲ ಬಸುರಿ, ಶ್ರಾವಣಕ್ಕೆ ದಿನ ತುಂಬುತ್ತಿತ್ತು. ಈ ವರ್ಷ ನಮ್ಮ ಊರಿನ ಯಾರನ್ನೂ ಹಳ್ಳ ದಾಟಿಸುವುದಿಲ್ಲ, ನೋವು ಬಂದಾಗ ಗಾಡಿಯೇ ಬಾಗಿಲಿಗೆ ಬರುತ್ತದೆ ಎಂದು ಸುಲೋಚನಾಬಾಯಿ ಊರಿಗೆಲ್ಲ ಸಾರಿಬಿಟ್ಟಿದ್ದರು. ಉಳಿದಿದ್ದದ್ದು ನಮ್ಮ ಪರೀಕ್ಷೆಯೊಂದೇ.

ಗುತ್ತಿಗೆದಾರರ ಕಡೆಯ ಎಂಜಿನಿಯರ್ ಇರ್ಫಾನ್ ಬೆಳಗಾವಿಯವನೇ, ಚುರುಕು ಹುಡುಗ. ಯಂತ್ರ ಬಡಿದೆವು, ಅಂಕಿ ಬಂತು. ಬೇಕಾದದ್ದಕ್ಕಿಂತ ಎಷ್ಟೋ ಮೇಲೆ. ಅವನು ನಗುತ್ತಾ ನಿಂತ. ಸಾಂದ್ರತೆ ನೋಡಿದೆವು, ಅದು ಗೆರೆಯನ್ನು ದಾಟಿತ್ತು, ಆದರೆ ಹೊಸ್ತಿಲು ದಾಟುವ ಮುದುಕರ ಹಾಗೆ ಕಷ್ಟಪಟ್ಟು ದಾಟಿತ್ತು. ಅದೇ ನನಗೆ ಕಿರಿಕಿರಿ ಆಯಿತು. ಇಷ್ಟು ಬಿಗಿ ತೋರಿಸುವ ಮಣ್ಣು ಸಾಂದ್ರತೆಯಲ್ಲಿ ಹೀಗೇಕೆ ತಿಣುಕಬೇಕು? ಹಾರೆಯಿಂದ ಒಡ್ಡನ್ನು ಒಂದಿಷ್ಟು ಕೆದಕಿಸಿದೆ. ಮೇಲಿನ ಒಂದು ಗೇಣು ಕಲ್ಲು. ಅದರ ಕೆಳಗೆ ಹೆಂಟೆ, ಹೆಂಟೆಗಳ ನಡುವೆ ಹಿಟ್ಟಿನಂಥ ಒಣ ಧೂಳು.

ರೋಲರ್ ಓಡಿಸುತ್ತಿದ್ದ ಪರಶುರಾಮ ಅದೇ ಊರಿನವನು. ನೀರು ಹೊಡೆದಿಲ್ಲವೇ ಎಂದು ಕೇಳಿದೆ. ಅವನು ಎದೆಯುಬ್ಬಿಸಿ ಹೇಳಿದ:

"ಒಂದ ಹನಿ ಬೀಳಾಕ ಬಿಟ್ಟಿಲ್ಲರೀ. ನಮ್ಮ ಕಡಿ ರಸ್ತಾಕ್ಕ ನೀರಂದ್ರ ದುಶ್ಮನ್ ನೋಡ್ರಿ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವನು ಕಳ್ಳತನ ಮಾಡಿರಲಿಲ್ಲ, ಸೋಮಾರಿಯೂ ಅಲ್ಲ. ಪ್ರತಿ ಮಳೆಗಾಲದಲ್ಲಿ ರಸ್ತೆ ಕೊಚ್ಚಿಹೋಗುವುದನ್ನು ನೋಡುತ್ತಾ ಬೆಳೆದವನು. ಅಂಥವನ ಕೈಗೆ ಒಂದು ಒಡ್ಡು ಕೊಟ್ಟರೆ ಮಗುವಿನ ಹಾಗೆ ಕಾಪಾಡುತ್ತಾನೆ, ನೀರಿನ ಟ್ಯಾಂಕರನ್ನು ಹತ್ತಿರ ಬಿಡುವುದಿಲ್ಲ. ಆದರೆ ಮಣ್ಣಿನ ಕಣಗಳು ಒಂದರ ಪಕ್ಕ ಒಂದು ಜಾರಿ ಕೂರಲು ಕಟ್ಟುವಾಗಲೇ ಹದವಾದ ನೀರು ಬೇಕು. ಒಣಗಿದ್ದಾಗ ರೋಲರ್ ಹೊಡೆದರೆ ಹೆಂಟೆಗಳು ಒಂದಕ್ಕೊಂದು ಆತು ನಿಲ್ಲುತ್ತವೆ, ಒಳಗೆ ಸಂದು ಉಳಿಯುತ್ತದೆ. ಒಣಗಿರುವವರೆಗೆ ಬಿಗಿಯೇ. ಆಮೇಲೆ ನೀರು ಇಳಿದ ದಿನ ಹೆಂಟೆ ಕರಗಿ ಸಂದು ಕುಸಿಯುತ್ತದೆ. ಕಟ್ಟುವಾಗ ನೀರು ಕುಡಿಯದ ಮಣ್ಣು ಆಮೇಲೆ ಸಿಕ್ಕಾಪಟ್ಟೆ ಕುಡಿಯುತ್ತದೆ.

ಒಡ್ಡಿನ ಮೇಲೆ ಒಂದು ಅಂಕಣ ಗುರುತಿಸಿ, ಸುತ್ತ ಸಣ್ಣ ಬದು ಹಾಕಿ, ಎರಡು ದಿನ ನೀರು ನಿಲ್ಲಿಸಿ ಆಮೇಲೆ ಅಳೆಯುತ್ತೇನೆ ಎಂದೆ. ಇರ್ಫಾನನ ನಗು ಹೋಯಿತು.

"ಮೇಡಂ, ನೀರ ಹಾಕಿ ಅಳೀಬೇಕಂತ ಟೆಂಡರಿನ್ಯಾಗ ಎಲ್ಲೂ ಇಲ್ಲರೀ."

ಇರಲಿಲ್ಲ, ಅದು ಖರೇ. ಇಂಥ ಅಂಕಿ ಬರಬೇಕು ಎಂದು ಮಾತ್ರ ಇತ್ತು, ಅದು ಬಂದಿತ್ತು.

"ಜೂನ್ ತಿಂಗಳಾಗ ಮಳಿ ಬಂದ್ರ ಅದಕ್ಕ ಟೆಂಡರ್ ತೋರಸ್ತೀಯೇನಪಾ?" ಎಂದೆ. ಸುತ್ತ ನಿಂತವರು ನಕ್ಕರು. ಅವನು ನಗಲಿಲ್ಲ, ಆದರೆ ಟ್ಯಾಂಕರಿಗೆ ಫೋನ್ ಮಾಡಿದ.

ಟ್ಯಾಂಕರ್ ನೀರು ಬಿಡುವಾಗ ಸುಲೋಚನಾಬಾಯಿ ಹಳ್ಳ ದಾಟಿ ಬಂದರು. ಮಳೆಗೆ ಮುಂಚೆ ಒಡ್ಡು ಉಳಿಸಬೇಕಾದವರೇ ಅದರ ಮೇಲೆ ಕೆರೆ ಕಟ್ಟಿದ್ದನ್ನು ನೋಡಿ ಅವರಿಗೆ ಮೈಯೆಲ್ಲ ಉರಿಯಿತು. ನಮ್ಮ ಊರಿಗೆ ಯಾವ ದ್ವೇಷದಿಂದ ಬಂದಿದ್ದೀರಿ ಎಂದು ಎರಡೂ ಭಾಷೆಯಲ್ಲಿ ಕೇಳಿದರು. ನಾನು ಬಿಡಿಸಿ ಹೇಳಿದೆ. ಕೇಳಿಸಿಕೊಂಡರು, ನಂಬಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಆ ಹೊತ್ತಿಗೆ ಗುತ್ತಿಗೆದಾರರು ಅಣ್ಣಿಗೇರಿ ಸರ್‌ಗೆ ಫೋನ್ ಮಾಡಿ ನನ್ನ ಮೇಲೆ ದೂರು ಹೇಳಿಯಾಗಿತ್ತು. ಸರ್ ನನಗೆ ಫೋನ್ ಮಾಡಿದರು. ಅವರಿಗೆ ಆಗ ವಯಸ್ಸಾಗಿತ್ತು, ದನಿ ಸಣ್ಣಗಾಗಿತ್ತು. ಕೆದಕಿದಾಗ ಕಂಡದ್ದನ್ನು ಹೇಳಿದೆ. ಹೆಂಟೆ ಕೈಯಿಂದ ಪುಡಿಯಾಗುತ್ತದೆಯೇ, ಎಷ್ಟು ಆಳದವರೆಗೆ ಹಾಗಿದೆ ಎಂದು ಎರಡೇ ಪ್ರಶ್ನೆ ಕೇಳಿ, ನೀವು ಬರೆದದ್ದಕ್ಕೆ ನಾನು ಸಹಿ ಹಾಕುತ್ತೇನೆ ಎಂದು ಫೋನ್ ಇಟ್ಟರು. ಅಂಥ ಮೇಲಧಿಕಾರಿ ಸಿಗುವುದು ನಿಮ್ಮ ನಿಮ್ಮ ಹಣೆಬರಹ. ನನಗೆ ಸಿಕ್ಕಿದ್ದರು, ಅದನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ನೀರು ಇಂಗಿದ ಮೇಲೆ ಯಂತ್ರ ಬಡಿದೆ. ಅಂಕಿ ಮೊದಲಿನದರ ಮೂರರಲ್ಲೊಂದು ಪಾಲಿಗೂ ಬರಲಿಲ್ಲ. ಇರ್ಫಾನ್ ಡಬ್ಬಿಯನ್ನು ಬಗ್ಗಿ ಬಗ್ಗಿ ನೋಡಿದ, ಇನ್ನೊಂದು ಕಡೆ ಬಡಿಯಲು ಹೇಳಿದ, ಅಲ್ಲಿಯೂ ಅಷ್ಟೇ. ಆದರೆ ಡಬ್ಬಿಯ ಅಂಕಿ ಊರಿನವರಿಗೆ ಏನು ಹೇಳಬೇಕು? ಒಡ್ಡಿನ ಪಕ್ಕ ಆಗಲೇ ಜನ ಕೂಡಿದ್ದರು. ಕಲ್ಲು ತುಂಬಿದ ಟಿಪ್ಪರ್ ಒಂದನ್ನು ಒಡ್ಡಿನ ಮೇಲೆ ನಿಧಾನವಾಗಿ ಓಡಿಸಲು ಹೇಳಿದೆ. ಇದು ನಮ್ಮ ಕಸುಬಿನ ಹಳೆಯ ಪದ್ಧತಿ. ಯಂತ್ರವಿಲ್ಲದ ಕಾಲದಲ್ಲಿ ಗಾಲಿಯ ಹಿಂದೆ ನಡೆಯುತ್ತಾ ನೆಲ ಹೇಗೆ ಅಲುಗುತ್ತದೆ ಎಂದು ಕಣ್ಣಿಂದ ನೋಡುತ್ತಿದ್ದರು.

ಒಣ ಭಾಗದಲ್ಲಿ ಟಿಪ್ಪರ್ ಕಲ್ಲುಹಾಸಿನ ಮೇಲೆ ಹೋದ ಹಾಗೆ ಹೋಯಿತು. ಜನ ನನ್ನ ಕಡೆ ನೋಡಿ ಏನೋ ಮಾತಾಡಿಕೊಂಡರು. ಆಮೇಲೆ ಮುಂಗಾಲಿ ನೆನೆದ ಅಂಕಣಕ್ಕೆ ಬಂತು. ಗಾಲಿಯ ಮುಂದೆ ನೆಲ ಉಬ್ಬಿತು, ಹಿಂದೆ ತಗ್ಗಿತು. ಹಿಂಗಾಲಿಗಳು ಬಂದಾಗ ಅರ್ಧ ಟೈರು ಒಳಗಿಳಿದು ಟಿಪ್ಪರ್ ಹಳ್ಳದ ಕಡೆಗೆ ವಾಲಿ ನಿಂತಿತು. ಡ್ರೈವರ್ ಇನ್ನೊಂದು ಬಾಗಿಲಿನಿಂದ ಹಾರಿಕೊಂಡ. ಪರಶುರಾಮ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಅಲ್ಲಿಯೇ ಕುಕ್ಕರಿಸಿದ.

ಸುಲೋಚನಾಬಾಯಿ ಸೀರೆ ಎತ್ತಿಕಟ್ಟಿ ಆ ಕೆಸರಿನಲ್ಲಿ ಇಳಿದರು. ಕಾಲಿನಿಂದ ಒತ್ತಿದರು, ಬಗ್ಗಿ ಕೈಯಲ್ಲಿ ಮಣ್ಣು ತೆಗೆದುಕೊಂಡು ಹಿಸುಕಿದರು. ಆಮೇಲೆ ನನ್ನ ಹತ್ತಿರ ಬಂದರು.

"ಮಳಿಗಾಲದಾಗ ಇಡೀ ಒಡ್ಡ ಹಿಂಗ ಆಗ್ತದೇನ್ರಿ ಬಾಯಾರ?"

"ಆಗಬಹುದರೀ. ಆಗೇ ಆಗ್ತದಂತ ಹೇಳಾಕ ನನಗ ಬರೂದಿಲ್ಲ."

"ಆಗಬಹುದು ಅನ್ನೂದಕ್ಕ ನನ್ನ ಸೊಸಿನ್ನ ಹಳ್ಳ ದಾಟಸ್ಲೇನು?"

ನನ್ನ ಕೆಲಸದಲ್ಲಿ ಇಷ್ಟು ನೇರವಾಗಿ ಯಾರೂ ನನ್ನನ್ನು ಕೇಳಿರಲಿಲ್ಲ. ನಾವು ಬರೆಯುವುದು ಕಾಗದದ ಮೇಲೆ, ಅದನ್ನು ಓದುವವರು ಯಾರೋ, ಅದರ ಫಲ ಉಣ್ಣುವವರು ಇನ್ಯಾರೋ. ಇಲ್ಲಿ ಕೇಳುವವರು ಎದುರಿಗೆ ನಿಂತಿದ್ದರು, ಕೈಯಲ್ಲಿ ಕೆಸರು ಇತ್ತು.

"ದಾಟಸ್ರಿ," ಎಂದೆ.

ಅವರು ಊರಿನವರ ಕಡೆ ತಿರುಗಿ ಮರಾಠಿಯಲ್ಲಿ ಎರಡು ಮಾತು ಹೇಳಿ ಮನೆಗೆ ನಡೆದರು. ನಾನು ಜೀಪಿನಲ್ಲಿ ಕೂತು ಜಾಂಬೋಟಿ ದಾಟುವವರೆಗೂ ಅತ್ತೆ.

ವರದಿ ಹೋಯಿತು, ಸರ್ ಸಹಿ ಹಾಕಿದರು. ಸೇತುವೆಯ ಎರಡೂ ತುದಿಗೆ ಬಂಡೆ ಇಟ್ಟು ಆ ಮಳೆಗಾಲ ದಾರಿ ಮುಚ್ಚಿದರು. ಮಂಗಲಾ ಖಾನಾಪುರದಲ್ಲಿ ತನ್ನ ಚಿಕ್ಕಮ್ಮನ ಮನೆಗೆ ಹೋದಳು, ಅಲ್ಲಿಯೇ ಹೆಣ್ಣು ಮಗು ಹುಟ್ಟಿತು. ನಾನು ಒಂದು ಕುಲಾವಿ ಹೊಲಿದುಕೊಂಡು ನೋಡಲು ಹೋಗಿದ್ದೆ. ಮಂಗಲಾ ನನ್ನ ಮೇಲೆ ಸಿಟ್ಟಾಗಿರಲಿಲ್ಲ, ಆದರೆ ಬಾಣಂತನದ ಕೋಣೆಯ ಸಣ್ಣ ಕಿಟಕಿ ತೋರಿಸಿ ಇಲ್ಲಿಂದ ಬರೀ ಗೋಡೆ ಕಾಣುತ್ತದೆ ಎಂದಳು. ಮನೆಯ ನೆನಪಾಗುತ್ತದೆ ಎಂದಳು.

ಇನ್ನೊಂದು ಮಾತು ಮುಚ್ಚಿಡಬಾರದು. ಆ ಮಳೆಗಾಲದಲ್ಲಿ ಒಡ್ಡು ಬೀಳಲಿಲ್ಲ. ಅಂಚಿನಲ್ಲಿ ಅಲ್ಲಲ್ಲಿ ಜಾರಿತು, ಮೇಲೆ ಹೊಂಡ ಬಿತ್ತು, ಅಷ್ಟೇ. ಗಾಡಿಯೇ ಓಡದ ಒಡ್ಡು ಏಕೆ ಬೀಳಬೇಕು? ಆದರೆ ಬಾಯಾರು ಸುಳ್ಳೇ ಹೆದರಿಸಿದರು ಎಂದು ಊರಿನಲ್ಲಿ ಕೆಲವರು ಆಡಿಕೊಂಡರು. ಅವರಿಗೆ ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ನೀವು ಈ ಕೆಲಸಕ್ಕೆ ಬಂದರೆ ಇದನ್ನು ಅರಗಿಸಿಕೊಳ್ಳಬೇಕು. ನೀವು ಬೇಡ ಎಂದ ಕೆಲಸ ನಿಂತುಹೋಗುತ್ತದೆ, ನಿಂತ ಮೇಲೆ ಏನಾಗುತ್ತಿತ್ತು ಎಂಬುದು ಯಾರಿಗೂ ಕಾಣಿಸುವುದಿಲ್ಲ. ನನಗೆ ಅದನ್ನು ಅರಗಿಸಿಕೊಳ್ಳಲು ಒಂದು ವರ್ಷ ಹಿಡಿಯಿತು.

ಮಳೆ ನಿಂತು ಮಣ್ಣು ಆರಿದ ಮೇಲೆ, ಮರುವರ್ಷದ ಬೇಸಿಗೆಗೆ ಒಡ್ಡನ್ನು ಅಗೆದು ಮತ್ತೆ ಕಟ್ಟಿದರು. ಇರ್ಫಾನನೇ ನಿಂತು ಮಾಡಿಸಿದ. ತೆಳ್ಳಗೆ ಮಣ್ಣು ಹರಡುವುದು, ನೀರು ಹೊಡೆಯುವುದು, ಅದು ಒಳಗೆ ಇಳಿಯಲು ಒಂದು ರಾತ್ರಿ ಬಿಡುವುದು, ಬೆಳಿಗ್ಗೆ ಮುದ್ದೆ ಕಟ್ಟಿ ಹದ ನೋಡಿ ರೋಲರ್ ಬಿಡುವುದು. ಹಳ್ಳ ಬೇಗ ಬತ್ತಿದ್ದರಿಂದ ದೂರದಿಂದ ನೀರು ತರಬೇಕಾಯಿತು. ಪರಶುರಾಮ ಮೊದಲು ಮುಖ ಗಂಟು ಹಾಕಿಕೊಂಡೇ ಟ್ಯಾಂಕರನ್ನು ಒಡ್ಡಿನ ಮೇಲೆ ಬಿಟ್ಟ. ಆಮೇಲೆ ಅವನಿಗೇ ಹುಚ್ಚು ಹಿಡಿಯಿತು, ನೀರು ಒಂದು ಕಡೆ ಹೆಚ್ಚು ಒಂದು ಕಡೆ ಕಮ್ಮಿ ಬಿದ್ದರೆ ಟ್ಯಾಂಕರಿನವರ ಜೊತೆ ಜಗಳಾಡುತ್ತಿದ್ದ. ಸುಲೋಚನಾಬಾಯಿ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ದಿನಾ ಬಂದು, ಯಾರನ್ನೂ ಮಾತಾಡಿಸುವ ಮೊದಲು ಮಣ್ಣಿಗೆ ನೀರು ಕುಡಿಸಿದಿರಾ ಎಂದು ವಿಚಾರಿಸುತ್ತಿದ್ದರಂತೆ.

ಅಳೆಯಲು ಹೋದ ದಿನ ಇನ್ನೊಂದು ತಮಾಷೆ ಆಯಿತು. ಒಣಗಿದ್ದಾಗ ಬಡಿದ ಅಂಕಿ ಹಿಂದಿನ ವರ್ಷದ ಅಂಕಿಗಿಂತ ಕಡಿಮೆ ಬಂತು. ಇಷ್ಟೆಲ್ಲ ಮಾಡಿ ಮಣ್ಣು ಇನ್ನೂ ಕೆಟ್ಟಿತಲ್ಲ ಎಂದು ಗುತ್ತಿಗೆದಾರರು ತಲೆ ಚಚ್ಚಿಕೊಂಡರು. ನೀರು ನಿಲ್ಲಿಸಿ ಬಡಿದಾಗ ಅಂಕಿ ಅಲ್ಪ ಸ್ವಲ್ಪ ಇಳಿದು ನಿಂತಿತು, ಬೇಕಾದ ಗೆರೆಯ ಮೇಲೆಯೇ ನಿಂತಿತು. ಟಿಪ್ಪರ್ ಓಡಿಸಿದೆವು. ಗಾಲಿಯ ಗುರುತು ಬಿತ್ತು, ಅಷ್ಟೇ. ಇರ್ಫಾನ್ ನನ್ನ ಕಡೆ ನೋಡಿದ. ಪಾಸ್ ಎಂದೆ. ಅದೇ ವರ್ಷ ನನ್ನ ಸರ್ವೀಸು ಮುಗಿಯಿತು, ಆಫೀಸಿನಲ್ಲಿ ಶಾಲು ಹೊದಿಸಿ ಫೋಟೋ ತೆಗೆದು ಕಳಿಸಿಕೊಟ್ಟರು.

ಆಮೇಲೆ ಬಂದ ಮಳೆಗಾಲ ಜೋರು. ಖಾಸಬಾಗದಲ್ಲಿ ಚರಂಡಿ ತುಂಬಿ ಹರಿದರೆ ನನಗೆ ಆ ಒಡ್ಡೇ ನೆನಪಾಗುತ್ತಿತ್ತು. ಈ ಸಲ ಗಾಡಿಗಳು ಓಡುತ್ತಿದ್ದವು, ಬಸುರಿಯರು ಊರಿನಲ್ಲೇ ಇದ್ದರು, ಪಾಸ್ ಎಂದವಳು ನಾನು. ಮನೆಯವರು ನನ್ನ ಅವಸ್ಥೆ ನೋಡಿ, ಪೆನ್ಶನ್ ನಿನಗೆ ಸಿಕ್ಕಿದೆ, ನಿನ್ನ ಮಣ್ಣಿಗೆ ಇನ್ನೂ ಸಿಕ್ಕಿಲ್ಲ ಎಂದು ಕಾಡಿಸುತ್ತಿದ್ದರು. ಫೋನ್ ಮಾಡಿ ಕೇಳಲು ಧೈರ್ಯ ಬರಲಿಲ್ಲ.

ಒಂದು ಬೆಳಿಗ್ಗೆ ಸುಲೋಚನಾಬಾಯಿಯದೇ ಫೋನ್ ಬಂತು. ಅವರ ಓಣಿಯ ರುಕ್ಮಿಣಿ ಎಂಬ ಹುಡುಗಿಗೆ ನೋವು ಬಂದು, ಆಂಬುಲೆನ್ಸ್ ಮನೆಯ ಬಾಗಿಲಿಗೇ ಬಂದು, ಖಾನಾಪುರದ ಆಸ್ಪತ್ರೆಯಲ್ಲಿ ಹೆರಿಗೆಯಾಗಿ, ತಾಯಿ ಮಗು ಇಬ್ಬರನ್ನೂ ಈಗ ತಾನೇ ಅದೇ ಮಳೆಯಲ್ಲಿ ಜೀಪಿನಲ್ಲಿ ಕರೆದುಕೊಂಡು ಬಂದಿದ್ದರು. ಗಂಡು ಮಗು, ತೂಕ ಚೆನ್ನಾಗಿದೆ, ಮೂಗು ಮಾತ್ರ ಅಪ್ಪನದೇ ಎಂದೆಲ್ಲ ಹೇಳಿದರು. ನಾನು ಹೂಂ ಹೂಂ ಎನ್ನುತ್ತಾ ಕೇಳಿದೆ, ಆಮೇಲೆ ತಡೆಯಲಾಗಲಿಲ್ಲ.

"ಒಡ್ಡ ಹೆಂಗಿತ್ರಿ? ಗಾಲಿ ಎಲ್ಲೆರ ಕುಂತಿತೇನು?"

ಆ ಕಡೆ ಅವರು ಯಾರಿಗೋ ಕೂಸಿನ ತಲೆ ಮುಚ್ಚಲು ಹೇಳಿ ಮತ್ತೆ ಫೋನಿಗೆ ಬಂದರು.

"ಒಡ್ಡ ಏನರೀ ಬಾಯಾರ, ಯಾವಾಗ ದಾಟಿದ್ವೋ ಗೊತ್ತ ಆಗ್ಲಿಲ್ಲ. ಎಲ್ಲಾರೂ ಕೂಸಿನ ಮಾರಿ ನೋಡಕೋತ ಬಂದ್ವಿ."